ಹಳೇ ಪಿಕಪ್ ಕೊಳ್ಳುವ ಮುಂಚೆ



ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ತಿರುಗಿಸಿ ನೋಡುತ್ತೇವೆ. ಹುಳ ಕೊರೆದ ತೂತು ಇದೆಯಾ ಅಂತ ಹುಡುಕುತ್ತೇವೆ. ಹಸು ಕೊಳ್ಳುವಾಗ? ಹಲ್ಲು ನೋಡುತ್ತೇವೆ. ಕೆಚ್ಚಲು ಮುಟ್ಟುತ್ತೇವೆ. ಹಾಲು ಕರೆದು ನೋಡುತ್ತೇವೆ. ಆಮೇಲೆ ದುಡ್ಡಿನ ಮಾತು.

ಗಾಡಿ ಕೊಳ್ಳುವಾಗ ಮಾತ್ರ ದೂರ ನಿಲ್ಲುತ್ತೇವೆ. "ಅದು ಗಂಡಸರ ವ್ಯವಹಾರ" ಅನ್ನುತ್ತೇವೆ. ಆದರೆ ಸಾಲ ಯಾರ ಹೆಸರಿನಲ್ಲಿ? ನಮ್ಮ ಹೆಸರಿನಲ್ಲಿ. ಕಂತು ಕಟ್ಟುವವರು ಯಾರು? ನಾವೇ. ಹಾಗಾದರೆ ನೋಡಿ ಕೊಳ್ಳಬೇಕಾದವರೂ ನಾವೇ.

ಈಗ ನಮಗೆ ಓದು ಬಂದಿದೆ. ಅಂಕಿ ಬಂದಿದೆ. ಹಳೇ ಪಿಕಪ್ ಕೊಳ್ಳಲು ಈ ಎರಡೂ ಬೇಕು. ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

1. ಮೊದಲು ಕೆಲಸ, ಆಮೇಲೆ ಗಾಡಿ

ಮಲೆನಾಡಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಅಲ್ಲಿ ಹತ್ತು ಜನ ಹೆಂಗಸರ ಒಂದು ಸಂಘ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಾಫಿ ತೋಟ ಇದೆ. ಕಾಫಿ ಮೂಟೆ ಪೇಟೆಗೆ ಹೋಗಬೇಕು. ಗೊಬ್ಬರ ಮನೆಗೆ ಬರಬೇಕು. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಲು ತೋಟಕ್ಕೆ ನೀರಿನ ಡ್ರಮ್ಮು ಸಾಗಬೇಕು. ಪ್ರತಿ ಸಲ ಬಾಡಿಗೆ ಗಾಡಿ. ಕರೆದ ದಿನ ಬರುವುದಿಲ್ಲ. ಬಂದ ದಿನ ಕೇಳಿದಷ್ಟು ಕೊಡಬೇಕು.

ಸಂಘದವರು ಕೂತು ಮಾತಾಡಿದರು. ಹೊಸ ಗಾಡಿಗೆ ದುಡ್ಡು ಸಾಲದು. ಹಳೇದಾದರೂ ಸರಿ, ನಮ್ಮದೇ ಒಂದು ಪಿಕಪ್ ಇರಲಿ ಅಂದರು.

ಸಂಘದ ಖಜಾಂಚಿ ಒಂದು ಹಾಳೆ ತೆಗೆದರು. ನಾಲ್ಕು ಪ್ರಶ್ನೆ ಬರೆದರು.

ಒಂದು: ಏನು ಹೊರಬೇಕು? ಎಷ್ಟು ತೂಕ?
ಎರಡು: ಯಾವ ದಾರಿ? ಡಾಂಬರೋ, ಮಣ್ಣೋ, ಏರೋ?
ಮೂರು: ಹಿಂದೆ ಏನಾದರೂ ಕಟ್ಟಿ ಎಳೆಯಬೇಕಾ?
ನಾಲ್ಕು: ವರ್ಷದಲ್ಲಿ ಎಷ್ಟು ದಿನ ಕೆಲಸ?

ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಗಾಡಿ ನೋಡಲು ಹೋಗಬಾರದು. ಗಾಡಿ ನೋಡಿದ ಮೇಲೆ ಮನಸ್ಸು ಬಣ್ಣಕ್ಕೆ ಸೋಲುತ್ತದೆ.

2. ಫೋರ್ ವೀಲ್ ಅಂದರೆ ಏನು?

ಎಲ್ಲ ಪಿಕಪ್‌ಗೂ ನಾಲ್ಕು ಚಕ್ರ ಇರುತ್ತದೆ. ಆದರೆ ಎಲ್ಲ ಪಿಕಪ್ಪೂ "ಫೋರ್ ವೀಲ್" ಗಾಡಿ ಅಲ್ಲ.

ಸಾಮಾನ್ಯ ಪಿಕಪ್‌ನಲ್ಲಿ ಇಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಮುಂದಿನ ಚಕ್ರ ಸುಮ್ಮನೆ ಉರುಳುತ್ತದೆ. ಕೆಸರಿನಲ್ಲಿ ಹಿಂದಿನ ಚಕ್ರ ಹೂತರೆ ಗಾಡಿ ನಿಂತಲ್ಲೇ ಸುತ್ತುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಬೇಕಾದಾಗ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಹುದು. ಹಿಂದಿನವು ತಳ್ಳುತ್ತವೆ, ಮುಂದಿನವು ಎಳೆಯುತ್ತವೆ. ಇದನ್ನೇ "ಫೋರ್ ಬೈ ಫೋರ್" ಅಂತಲೂ ಕರೆಯುತ್ತಾರೆ.

ಇದಕ್ಕೆ ಬೇರೆ ಗೇರು ಇರುತ್ತದೆ. ಕೆಲವು ಗಾಡಿಯಲ್ಲಿ ಅದು ಲಿವರ್, ಕೆಲವು ಗಾಡಿಯಲ್ಲಿ ತಿರುಗಿಸುವ ಸ್ವಿಚ್ಚು. ಅದರ ಮೇಲೆ ಸಾಮಾನ್ಯವಾಗಿ ಮೂರು ಗುರುತು ಇರುತ್ತದೆ.

2 ಎಚ್: ಡಾಂಬರು ರಸ್ತೆಗೆ. ಎರಡು ಚಕ್ರಕ್ಕೆ ಶಕ್ತಿ.
4 ಎಚ್: ಜಾರುವ ಮಣ್ಣು ದಾರಿಗೆ. ನಾಲ್ಕು ಚಕ್ರಕ್ಕೆ ಶಕ್ತಿ.
4 ಎಲ್: ಕಡಿದಾದ ಏರಿಗೆ, ಆಳದ ಕೆಸರಿಗೆ, ಭಾರ ಎಳೆಯುವುದಕ್ಕೆ. ಗಾಡಿ ನಿಧಾನ ಹೋಗುತ್ತದೆ, ಬಲ ಜಾಸ್ತಿ.

ಇಂಥ ಗಾಡಿಯನ್ನು ಒಣ ಡಾಂಬರಿನ ಮೇಲೆ 4 ಎಚ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದೂರ ಓಡುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ. ಟೈರು ಸವೆಯುತ್ತದೆ, ಒಳಗಿನ ಗೇರು ನಲುಗುತ್ತದೆ.

"ಹಂಗಾದ್ರೆ ಫೋರ್ ವೀಲೇ ತಗೊಳ್ಳಾಣ ಬಿಡು" ಅಂದರು ಒಬ್ಬರು.

"ತಡಿ ಮಾರಾಯ್ತಿ. ನಮ್ಗೆ ಬೇಕಾ ಅಂತ ಮೊದ್ಲು ನೋಡಾಣ" ಅಂದರು ಖಜಾಂಚಿ.

ಅವರ ಮಾತು ಸರಿ. ಫೋರ್ ವೀಲ್ ಗಾಡಿಗೆ ಬೆಲೆ ಜಾಸ್ತಿ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ರಿಪೇರಿಗೆ ಭಾಗಗಳೂ ಜಾಸ್ತಿ. ಮನೆಯಿಂದ ಮಂಡಿಗೆ ಡಾಂಬರು ರಸ್ತೆ ಇದ್ದರೆ, ಬಯಲು ಸೀಮೆಯ ಸಮ ದಾರಿ ಇದ್ದರೆ, ಸಾಮಾನ್ಯ ಪಿಕಪ್ಪೇ ಸಾಕು. ಆದರೆ ಈ ಸಂಘದ ತೋಟಗಳು ಗುಡ್ಡದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯೆಲ್ಲ ಕೆಸರು. ಅವರಿಗೆ ಫೋರ್ ವೀಲ್ ಬೇಕು.

ಒಂದು ಎಚ್ಚರಿಕೆ. ಗಾಡಿಯ ಹೆಸರು ನೋಡಿ ಫೋರ್ ವೀಲ್ ಅಂತ ತಿಳಿಯಬೇಡಿ. ಮಹೀಂದ್ರ ಬೊಲೆರೊ ಪಿಕಪ್, ಬೊಲೆರೊ ಕ್ಯಾಂಪರ್, ಟಾಟಾ ಝೆನಾನ್, ಇಸುಜು ವಿ-ಕ್ರಾಸ್, ಇವೆಲ್ಲ ಎರಡೂ ತರದಲ್ಲಿ ಬಂದಿವೆ. ಮೈಮೇಲಿನ ಸ್ಟಿಕ್ಕರನ್ನೂ ನಂಬಬೇಡಿ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು.

3. ತೂಕದ ಲೆಕ್ಕ

ಪ್ರತಿ ಗಾಡಿಗೂ ಆರ್.ಸಿ. ಅಂತ ಒಂದು ಕಾರ್ಡು ಇರುತ್ತದೆ. ಅದು ಗಾಡಿಯ ನೋಂದಣಿ ಪತ್ರ. ನಮ್ಮ ಹೊಲಕ್ಕೆ ಪಹಣಿ ಹೇಗೋ ಗಾಡಿಗೆ ಆರ್.ಸಿ. ಹಾಗೆ. ಅದರಲ್ಲಿ ಎರಡು ತೂಕ ಬರೆದಿರುತ್ತದೆ. ಒಂದು ಖಾಲಿ ತೂಕ, ಇನ್ನೊಂದು ತುಂಬಿದ ತೂಕ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಉಳಿದಷ್ಟೇ ಆ ಗಾಡಿ ಹೊರಬಹುದು. ಚಾಲಕರ ತೂಕವೂ ಅದರೊಳಗೇ ಬರಬೇಕು.

ಸಂಘದ ಲೆಕ್ಕ ನೋಡಿ. ಅಂಕಿ ಉದಾಹರಣೆಗೆ ಮಾತ್ರ.

ತುಂಬಿದ ತೂಕ: 2,900 ಕೆ.ಜಿ.
ಖಾಲಿ ತೂಕ: 1,700 ಕೆ.ಜಿ.
ಉಳಿದದ್ದು: 1,200 ಕೆ.ಜಿ.
ಮುಂದೆ ಕೂತ ಮೂವರ ತೂಕ: 180 ಕೆ.ಜಿ.
ಸರಕಿಗೆ ಉಳಿದದ್ದು: 1,020 ಕೆ.ಜಿ.

ಒಂದು ಡ್ರಮ್ಮಿಗೆ 200 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಖಾಲಿ ಡ್ರಮ್ಮು 10 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಂದು ತುಂಬಿದ ಡ್ರಮ್ಮು 210 ಕೆ.ಜಿ. ಐದು ಡ್ರಮ್ಮು 1,050 ಕೆ.ಜಿ.

"ಆರು ಡ್ರಮ್ಮಿಗೂ ಜಾಗ ಇದೆಯಲ್ಲ ಅಕ್ಕ!"

"ಜಾಗ ಇದ್ರೆ ಆಯ್ತಾ? ಬಲ ಬೇಡ್ವಾ? ನಾಲ್ಕೇ ಹಾಕ್ಬೇಕು ಕಣೆ."

ಹೌದು. ನಾಲ್ಕು ಡ್ರಮ್ಮು 840 ಕೆ.ಜಿ. ಅಷ್ಟೇ ಸರಿ. ನೀರು ಒಳಗೆ ಅಲ್ಲಾಡುತ್ತದೆ. ಅದಕ್ಕೆ ಮುಚ್ಚಳ ಬಿಗಿ ಮಾಡಿ, ಡ್ರಮ್ಮು ಹಗ್ಗದಿಂದ ಬಿಗಿದು ಕಟ್ಟಬೇಕು. ತೂಕ ಮೀರಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ದಂಡವೂ ಬೀಳುತ್ತದೆ.

ಇನ್ನೊಂದು ವಿಷಯ. ತುಂಬಿದ ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಮೀರಿದರೆ ಬೇಕು. ಆರ್.ಸಿ.ಯಲ್ಲಿ ಈ ಒಂದು ಅಂಕಿ ಓದಿದರೆ ಎಷ್ಟು ವಿಷಯ ತಿಳಿಯಿತು ನೋಡಿ!

4. ಗಾಡಿ ನೋಡುವ ದಿನ

ಬೆಳಿಗ್ಗೆ ಬೇಗ ಹೋಗಿ. ಮಳೆಯಲ್ಲಿ, ಕತ್ತಲಲ್ಲಿ ಗಾಡಿ ನೋಡಬೇಡಿ. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಅವರು ನಮ್ಮ ಕಡೆಯವರಾಗಿರಬೇಕು. ಮಾರುವವರು ಕರೆತಂದ ಮೆಕ್ಯಾನಿಕ್ ಬೇಡ.

ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ತಣ್ಣಗಿರಬೇಕು. ಬಿಸಿ ಇದ್ದರೆ ನಾವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿನ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆದರೆ ಒಳ್ಳೆಯ ಗುರುತು.

ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಒಲೆಯ ಹೊಗೆ ನೋಡಿ ಸೌದೆ ಹಸಿಯೋ ಒಣಗಿದ್ದೋ ಹೇಳುವವರು ನಾವು. ಇದೂ ಹಾಗೇ.

ಕಪ್ಪು ಹೊಗೆ ಬರುತ್ತಲೇ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.
ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಖರ್ಚಿನ ಗಾಡಿ.
ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು.

ಇಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಬದಿ ನೋಡಿ. ಮಜ್ಜಿಗೆ ನೊರೆಯಂಥದ್ದು ಅಂಟಿದ್ದರೆ ಆಯಿಲ್‌ಗೆ ನೀರು ಬೆರೆತಿದೆಯಾ ಅಂತ ಮೆಕ್ಯಾನಿಕ್‌ಗೆ ಕೇಳಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಎಷ್ಟು ಕಿಲೋಮೀಟರ್ ಓಡಿದೆ ಅಂತ ಮೀಟರ್ ತೋರಿಸುತ್ತದೆ. ಆ ಅಂಕಿಯನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಹಾಗಾಗಿ ಪೆಡಲ್ ನೋಡಿ. ಅದರ ರಬ್ಬರು ನುಣ್ಣಗೆ ಸವೆದು, ಸೀಟು ಹರಿದು, ಸ್ಟೇರಿಂಗ್ ಹೊಳಪಾಗಿ, ಮೀಟರ್ ಮಾತ್ರ ಕಡಿಮೆ ತೋರಿಸಿದರೆ ಅನುಮಾನ ಪಡಿ.

ಆಮೇಲೆ ಕೆಳಗೆ ಬಗ್ಗಿ ನೋಡಿ. ಸೀರೆ ಕೊಳೆಯಾಗುತ್ತೆ ಅಂತ ಸಂಕೋಚ ಬೇಡ. ಒಂದು ಗೋಣಿಚೀಲ ಹಾಸಿಕೊಳ್ಳಿ, ಟಾರ್ಚು ಹಿಡಿಯಿರಿ. ಗಾಡಿಯ ಉದ್ದಕ್ಕೂ ಎರಡು ಕಬ್ಬಿಣದ ತೊಲೆ ಇರುತ್ತದೆ. ಅದೇ ಚಾಸಿ, ಗಾಡಿಯ ಬೆನ್ನುಮೂಳೆ. ಅದರಲ್ಲಿ ಬಿರುಕು ಇರಬಾರದು. ಮುರಿದು ವೆಲ್ಡಿಂಗ್ ಮಾಡಿರಬಾರದು. ಮೀನು ಸಾಗಿಸಿದ ಗಾಡಿಯಾದರೆ ಉಪ್ಪುನೀರು ಸೋರಿ ಕಬ್ಬಿಣ ತಿಂದಿರುತ್ತದೆ. ಮೇಲೆ ಹೊಸ ಬಣ್ಣ, ಒಳಗೆ ತುಕ್ಕು! ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಪುಡಿಪುಡಿ ಉದುರುತ್ತದೆ.

5. ಫೋರ್ ವೀಲ್ ಪರೀಕ್ಷೆ

ಬಗ್ಗಿದಾಗಲೇ ಇನ್ನೊಂದು ನೋಡಿ. ಫೋರ್ ವೀಲ್ ಗಾಡಿಯ ಅಡಿಯಲ್ಲಿ ಗೇರಿನ ಪೆಟ್ಟಿಗೆಯಿಂದ ಹಿಂದಿನ ಚಕ್ರದ ಕಡೆಗೆ ಒಂದು ದಪ್ಪ ಕಬ್ಬಿಣದ ಕೊಳವೆ ಹೋಗಿರುತ್ತದೆ. ಮುಂದಿನ ಚಕ್ರದ ಕಡೆಗೂ ಒಂದು ಹೋಗಿರುತ್ತದೆ. ಇದೇ ಪ್ರೊಪೆಲ್ಲರ್ ಶಾಫ್ಟು. ಮುಂದಿನದು ಕೆಟ್ಟಾಗ ರಿಪೇರಿ ಖರ್ಚಿಗೆ ಹೆದರಿ ಬಿಚ್ಚಿ ಹಾಕಿದ ಗಾಡಿಗಳೂ ಇರುತ್ತವೆ. ಲಿವರ್ ಇದೆ, ಶಾಫ್ಟ್ ಇಲ್ಲ! ಅಂಥ ಗಾಡಿಗೆ ಫೋರ್ ವೀಲ್ ಬೆಲೆ ಕೊಡಬಾರದು.

ನಾಲ್ಕೂ ಟೈರು ಒಂದೇ ಅಳತೆ ಇರಬೇಕು. ಅಳತೆಯ ಅಂಕಿ ಟೈರಿನ ಬದಿಯಲ್ಲೇ ಬರೆದಿರುತ್ತದೆ. ನಾಲ್ಕೂ ಟೈರಿನ ಅಂಕಿ ಓದಿ ಹೋಲಿಸಿ.

ಆಮೇಲೆ ಓಡಿಸಿ ನೋಡಿಸಿ. ಡಾಂಬರಿನ ಮೇಲಲ್ಲ, ಸಡಿಲ ಮಣ್ಣಿನ ಮೇಲೆ. ಗಾಡಿ ನಿಲ್ಲಿಸಿ 4 ಎಚ್ ಹಾಕಿಸಿ. ನೇರ ಓಡಿಸಲಿ. ಆಮೇಲೆ ಮತ್ತೆ ನಿಲ್ಲಿಸಿ 4 ಎಲ್ ಹಾಕಿ ಏರು ಹತ್ತಿಸಲಿ. ಗೇರು ತಾನಾಗಿ ಕಳಚಿಕೊಳ್ಳಬಾರದು. ಅಡಿಯಿಂದ ಕಟಕಟ ಸದ್ದು ಬರಬಾರದು. ಮುಂದಿನ ಚಕ್ರವೂ ಮಣ್ಣು ಕೆದರಿ ಎಳೆಯುತ್ತಿದೆಯಾ ಅಂತ ಒಬ್ಬರು ಬದಿಯಲ್ಲಿ, ದೂರ ನಿಂತು ನೋಡಲಿ.

6. ಎಳೆಯುವ ಕೊಕ್ಕೆ

ಹಿಂದೆ ಟ್ರೈಲರ್ ಕಟ್ಟಬೇಕೆಂದರೆ ಕೊಕ್ಕೆ ಗಟ್ಟಿ ಇರಬೇಕು. ಅದು ಬಂಪರಿಗೆ ಅಂಟಿದ್ದರೆ ಸಾಲದು. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿರಬೇಕು. ಕೊಕ್ಕೆಯ ಸುತ್ತ ಬಿರುಕು ಇದೆಯಾ ನೋಡಿ. ಬೇರೆ ಗಾಡಿಗಳನ್ನು ಎಳೆದೂ ಎಳೆದೂ ಕ್ಲಚ್ಚು ಸವೆದಿರಬಹುದು. ಏರಿನಲ್ಲಿ ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹಾಗಾದರೆ ಕ್ಲಚ್ಚು ಮುಗಿದಿದೆ.

ಎಷ್ಟು ಭಾರ ಎಳೆಯಬಹುದು? ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕದಲ್ಲಿ ನೋಡಬೇಕು. ಟ್ರೈಲರಿಗೂ ಬೇರೆ ನೋಂದಣಿ ಬೇಕು. ಕಾನೂನಿನ ಲೆಕ್ಕದಲ್ಲಿ ಅದೂ ಒಂದು ಗಾಡಿಯೇ.

ಎಳೆಯುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಇಳಿಜಾರಿನಲ್ಲಿ ಹಿಂದಿನ ಭಾರ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಸಣ್ಣ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯಬಾರದು. ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವಾಗ ಯಾರೂ ಹಗ್ಗದ ಹತ್ತಿರ ನಿಲ್ಲಬಾರದು. ಹಗ್ಗ ಕಡಿದರೆ ಚಾಟಿಯಂತೆ ಬೀಸಿ ಹೊಡೆಯುತ್ತದೆ.

7. ಕಾಗದ ಓದೋಣ

ಸಂಘದವರು ಎರಡು ಗಾಡಿ ನೋಡಿದರು. ಮೊದಲನೆಯದು ಹೊಸ ಬಣ್ಣ ಬಳಿದು ಮದುಮಗಳ ಹಾಗೆ ಹೊಳೆಯುತ್ತಿತ್ತು. ಮಾರುವವರು ಅವಸರ ಮಾಡಿದರು.

"ನಾಳೆ ಇನ್ನೊಬ್ರು ಬರ್ತಾರಮ್ಮ. ಇವತ್ತೇ ಅಡ್ವಾನ್ಸ್ ಕೊಟ್ಬಿಡಿ. ಕಾಗ್ದ ಎಲ್ಲ ಆಮೇಲೆ ನೋಡ್ಕಳಾಣ."

"ಆರ್.ಸಿ. ಕೊಡಿ ಅಣ್ಣ. ಓದ್ಬಿಟ್ಟು ಹೇಳ್ತೀವಿ" ಅಂದರು ಖಜಾಂಚಿ.

ಆರ್.ಸಿ.ಯಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಅದಕ್ಕೆ ಅಂಜಬೇಡಿ. ಶಾಲೆಗೆ ಹೋಗುವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಅಂಕಿ ನೀವೇ ಓದಿ. ಈ ಆರು ವಿಷಯ ನೋಡಿ.

ಒಂದು, ನಂಬರು. ಕೆಎ 18 ಅಂದರೆ ಚಿಕ್ಕಮಗಳೂರು. ಕೆಎ 12 ಅಂದರೆ ಮಡಿಕೇರಿ. ಕೆಎ 46 ಅಂದರೆ ಸಕಲೇಶಪುರ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ಎನ್.ಓ.ಸಿ. ಅನ್ನುತ್ತಾರೆ. ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು.

ಎರಡು, ಮಾಲೀಕರ ಹೆಸರು. ಮಾರುವವರೇ ಮಾಲೀಕರಾ? ಅಲ್ಲದಿದ್ದರೆ ನಿಜವಾದ ಮಾಲೀಕರು ಎಲ್ಲಿ?

ಮೂರು, ಗಾಡಿಯ ವಯಸ್ಸು. 15 ವರ್ಷ ದಾಟಿದ ಗಾಡಿಯ ಎಫ್.ಸಿ. ಶುಲ್ಕ 2022ರಿಂದ ಬಹಳ ಏರಿದೆ. ಬೆಲೆ ಕಡಿಮೆ ಅಂತ ಮುದಿ ಗಾಡಿ ಕೊಂಡರೆ ಆ ಖರ್ಚು ಹಿಂದೆಯೇ ಬರುತ್ತದೆ.

ನಾಲ್ಕು, ಚಾಸಿ ನಂಬರು, ಇಂಜಿನ್ ನಂಬರು. ಚಾಸಿ ನಂಬರನ್ನು ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ಅಲ್ಲಿನ ಮಣ್ಣು, ಗ್ರೀಸು ಬಟ್ಟೆಯಿಂದ ಒರೆಸಿ. ಅದರ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ. ನಂಬರು ಹಾಳೆಯ ಮೇಲೆ ಮೂಡುತ್ತದೆ. ಈಗ ಆರ್.ಸಿ. ಪಕ್ಕಕ್ಕೆ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಈಗಿನ ಗಾಡಿಗಳಲ್ಲಿ ಇದು 17 ಅಕ್ಷರ, ಅಂಕಿಗಳ ನಂಬರು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಬಳಸುವುದಿಲ್ಲ. ಹಾಗಾಗಿ ದುಂಡಗಿದ್ದರೆ ಅದು ಸೊನ್ನೆ, ನೆಟ್ಟಗಿದ್ದರೆ ಅದು ಒಂದು. ಒಂದು ಅಕ್ಷರ ತಪ್ಪಿದರೂ, ಉಜ್ಜಿ ಅಳಿಸಿದಂತೆ ಕಂಡರೂ, ಆ ಗಾಡಿ ಬೇಡ. ಅದು ಕಳವಿನ ಗಾಡಿ ಇರಬಹುದು.

ಐದು, ತೂಕ ಮತ್ತು ಸೀಟು. ತೂಕದ ಲೆಕ್ಕ ಮೇಲೆ ಮಾಡಿದ್ದೇವೆ. ಸೀಟು ಎಷ್ಟು ಅಂತಲೂ ಬರೆದಿರುತ್ತದೆ.

ಆರು, ಸಾಲ. ಗಾಡಿಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಆರ್.ಸಿ.ಯಲ್ಲಿ ಇರುತ್ತದೆ.

ಮೊದಲ ಗಾಡಿಯ ಆರ್.ಸಿ.ಯಲ್ಲಿ ಫೈನಾನ್ಸ್ ಹೆಸರು ಇತ್ತು.

"ಅಣ್ಣ, ಸಾಲ ತೀರಿದ್ಯಾ?"

"ತೀರಿದೆ ತೀರಿದೆ. ಹೆಸ್ರು ತೆಗೆಸಿಲ್ಲ ಅಷ್ಟೇ."

"ಹಂಗಾದ್ರೆ ಸಾಲ ತೀರಿದ ಕಾಗ್ದ, 35ನೇ ನಮೂನೆ ಕೊಡಿ."

ಅವರು ಕೊಡಲಿಲ್ಲ. ಸಂಘದವರು ಎದ್ದು ಬಂದರು. ಒಳ್ಳೆಯದೇ ಆಯಿತು. ಸಾಲ ಬಾಕಿ ಇರುವ ಗಾಡಿ ಕೊಂಡರೆ, ಸಾಲ ಕೊಟ್ಟವರು ಬಂದು ಗಾಡಿ ಎಳೆದುಕೊಂಡು ಹೋಗಬಹುದು. ದುಡ್ಡು ಕೊಟ್ಟವರು ಬರಿಗೈಯಲ್ಲಿ ನಿಲ್ಲಬೇಕು.

ಎರಡನೆಯ ಗಾಡಿಗೆ ಬಣ್ಣ ಮಾಸಿತ್ತು. ಬದಿಗೆ ಒಂದು ನೆಗ್ಗು ಬಿದ್ದಿತ್ತು. ಆದರೆ ಚಾಸಿ ಗಟ್ಟಿ. ಮುಂದಿನ ಶಾಫ್ಟು ಸರಿ. ನಂಬರು ಹೊಂದಿತು. ಸಾಲ ಇಲ್ಲ. ಎಫ್.ಸಿ., ವಿಮೆ, ತೆರಿಗೆ, ಹೊಗೆ ತಪಾಸಣೆ ಪತ್ರ ಎಲ್ಲ ಚಾಲ್ತಿಯಲ್ಲಿತ್ತು. ಅದನ್ನೇ ಆರಿಸಿದರು.

ಎಫ್.ಸಿ. ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ. ಹಳದಿ ಬೋರ್ಡಿನ ಸರಕು ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಕಾಗದ ನಿಜವೋ ಸುಳ್ಳೋ ಅಂತ ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ನೋಡಬಹುದು. ಕಟ್ಟದ ದಂಡ ಇದೆಯಾ ಅಂತಲೂ ವಿಚಾರಿಸಿ.

8. ಗಾಡಿ ಯಾರ ಹೆಸರಿಗೆ?

ಸಾಲ ಅಮ್ಮನ ಹೆಸರಿನಲ್ಲಿ, ಗಾಡಿ ಮಗನ ಹೆಸರಿನಲ್ಲಿ. ಹೀಗೆ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಮನೆಯಲ್ಲಿ ಪ್ರೀತಿ ಇರಲಿ. ಆದರೆ ಕಾಗದದಲ್ಲಿ ಲೆಕ್ಕ ಸರಿ ಇರಲಿ. ಕಂತು ಕಟ್ಟುವವರ ಹೆಸರು ಆರ್.ಸಿ.ಯಲ್ಲಿ ಇರಬೇಕು. ಸಂಘದ ದುಡ್ಡಿನಿಂದ ಕೊಂಡರೆ ಯಾರ ಹೆಸರಿಗೆ ಬರೆಸುವುದು, ಲಾಭ ಹೇಗೆ ಹಂಚುವುದು, ಗಾಡಿ ಮಾರಿದರೆ ದುಡ್ಡು ಯಾರಿಗೆ ಅಂತ ಸಂಘದ ಪುಸ್ತಕದಲ್ಲಿ ಮೊದಲೇ ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿ.

ಹೆಸರು ಬದಲಾಯಿಸಲು 29ನೇ ನಮೂನೆ, 30ನೇ ನಮೂನೆ ಬೇಕು. ರಾಜ್ಯದೊಳಗಿನ ಗಾಡಿಯಾದರೆ ಮಾರಿದವರು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು. ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.

ಖಾಲಿ ನಮೂನೆಗೆ ಸಹಿ ಹಾಕಬೇಡಿ. ಹಾಕಿಸಿಕೊಳ್ಳಲೂ ಬೇಡಿ. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದರೆ ಪ್ರಿಂಟ್ ತೆಗೆಸಿ, ಓದಿ, ಆಮೇಲೆ ಸಹಿ ಹಾಕಿ. ಗಾಡಿ ಮಾರುವವರಿಗೂ ಇದು ಮುಖ್ಯ. ಹೆಸರು ಬದಲಾಗದಿದ್ದರೆ, ಮುಂದೆ ಅಪಘಾತ ಆದಾಗ ಆರ್.ಸಿ.ಯಲ್ಲಿ ಹೆಸರು ಇರುವವರೇ ಹೊಣೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ನಗದು ಕೊಟ್ಟರೆ ರಶೀದಿ ಬರೆಸಿಕೊಳ್ಳಿ. ಗಾಡಿ ಕೈಗೆ ಬಂದ ದಿನಾಂಕ, ಗಂಟೆ ಎರಡನ್ನೂ ಬರೆಸಿ. ಅಲ್ಲಿಯವರೆಗಿನ ದಂಡ ಅವರದು.

9. ಹಿಂದೆ ಸರಕು, ಜನ ಅಲ್ಲ

ಕಾಫಿ ಕುಯ್ಲಿನ ಕಾಲದಲ್ಲಿ ಪಿಕಪ್‌ನ ಹಿಂದೆ ಹೆಂಗಸರು ನಿಂತು ಹೋಗುವುದನ್ನು ನಾವು ನೋಡಿದ್ದೇವೆ. ನಾವೂ ಹೋಗಿದ್ದೇವೆ. ಸರಕಿನ ಗಾಡಿಯಲ್ಲಿ ಹಾಗೆ ಜನರನ್ನು ತುಂಬಬಾರದು. ತಿರುವಿನಲ್ಲಿ ಗಾಡಿ ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಅಪಘಾತವಾದರೆ ವಿಮೆ ಹಣ ಸಿಗುವುದೂ ಕಷ್ಟ. ಗಾಡಿ ನಮ್ಮದಾದ ಮೇಲೆ ಈ ನಿಯಮ ನಾವೇ ಪಾಲಿಸಬೇಕು. ಜನರನ್ನೂ ಕರೆದೊಯ್ಯಬೇಕಾದರೆ ಕ್ಯಾಂಪರಿನಂಥ ಎರಡು ಸಾಲು ಸೀಟಿನ ಗಾಡಿ ನೋಡಿ. ಆರ್.ಸಿ.ಯಲ್ಲಿ ಬರೆದಷ್ಟು ಜನ ಮಾತ್ರ ಕೂರಬೇಕು.

ಓಡಿಸುವವರು ಯಾರು? ಕಾರಿನ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹಾಗಾದರೆ ನಮ್ಮಲ್ಲೇ ಒಬ್ಬರು ಯಾಕೆ ಕಲಿಯಬಾರದು?

10. ಲೆಕ್ಕ ಮಾಡೋಣ

ಒಂದು ತಿಂಗಳ ಖರ್ಚು ಹೀಗಿದೆ ಅಂತ ಇಟ್ಟುಕೊಳ್ಳಿ.

ಸಾಲದ ಕಂತು: 12,000 ರೂಪಾಯಿ
ಡೀಸೆಲ್: 13,000 ರೂಪಾಯಿ
ಚಾಲಕರ ಸಂಬಳ: 15,000 ರೂಪಾಯಿ
ವಿಮೆ, ಎಫ್.ಸಿ., ತೆರಿಗೆಗೆ ಎತ್ತಿಡುವುದು: 4,000 ರೂಪಾಯಿ
ಟೈರು, ರಿಪೇರಿಗೆ ಎತ್ತಿಡುವುದು: 4,000 ರೂಪಾಯಿ
ಒಟ್ಟು: 48,000 ರೂಪಾಯಿ

ತಿಂಗಳಲ್ಲಿ 24 ದಿನ ಕೆಲಸ ಸಿಕ್ಕರೆ ದಿನಕ್ಕೆ 2,000 ರೂಪಾಯಿ ದುಡಿದರೆ ಖರ್ಚು ಹುಟ್ಟುತ್ತದೆ. ಮಳೆಗಾಲದಲ್ಲಿ 16 ದಿನ ಮಾತ್ರ ಸಿಕ್ಕರೆ? ಡೀಸೆಲ್ ಸ್ವಲ್ಪ ಕಡಿಮೆಯಾಗಬಹುದು. ಆದರೆ ಕಂತು, ಸಂಬಳ ನಿಲ್ಲುವುದಿಲ್ಲ. ಖರ್ಚು ಅಷ್ಟೇ ಇದ್ದರೆ ದಿನಕ್ಕೆ 3,000 ರೂಪಾಯಿ ಬೇಕು. ಈ ಲೆಕ್ಕ ಗಾಡಿ ಕೊಳ್ಳುವ ಮುಂಚೆ ಮಾಡಬೇಕು. ಕೊಂಡ ಮೇಲೆ ಮಾಡಿದರೆ ಅದು ಲೆಕ್ಕ ಅಲ್ಲ, ಚಿಂತೆ.

ಈ ಪದಗಳನ್ನು ಜೋರಾಗಿ ಓದಿ

ಚಾಸಿ, ಇಂಜಿನ್, ಕ್ಲಚ್ಚು, ಟೈರು, ಕೊಕ್ಕೆ, ಖಾಲಿ ತೂಕ, ತುಂಬಿದ ತೂಕ, ಮಾಲೀಕರು, ವಿಮೆ, ನಮೂನೆ, ರಶೀದಿ, ಸಹಿ.

ಬಿಟ್ಟ ಜಾಗ ತುಂಬಿ

1. ಜಾರುವ ಮಣ್ಣು ದಾರಿಯಲ್ಲಿ ____ ಗೇರು ಹಾಕಬೇಕು.
2. ಇಂಜಿನ್ ಆಯಿಲ್ ಉರಿದರೆ ____ ಬಣ್ಣದ ಹೊಗೆ ಬರುತ್ತದೆ.
3. ಗಾಡಿ ಕೊಂಡವರು ____ ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು.
4. ಖಾಲಿ ನಮೂನೆಗೆ ____ ಹಾಕಬಾರದು.

ನೀವೇ ಲೆಕ್ಕ ಮಾಡಿ

ಒಂದು ಗಾಡಿಯ ತುಂಬಿದ ತೂಕ 2,800 ಕೆ.ಜಿ. ಖಾಲಿ ತೂಕ 1,650 ಕೆ.ಜಿ. ಮುಂದೆ ಇಬ್ಬರು ಕೂರುತ್ತಾರೆ. ಅವರ ತೂಕ 120 ಕೆ.ಜಿ. ಸರಕಿಗೆ ಎಷ್ಟು ಉಳಿಯಿತು? ಯೂರಿಯಾ ಚೀಲ ಒಂದಕ್ಕೆ 45 ಕೆ.ಜಿ. ಎಷ್ಟು ಚೀಲ ಹಾಕಬಹುದು?

ಕೂತು ಮಾತಾಡಿ

ನಿಮ್ಮ ಊರಿನಲ್ಲಿ ಹೆಂಗಸರ ಹೆಸರಿನಲ್ಲಿ ಎಷ್ಟು ಗಾಡಿ ಇವೆ? ಅದರ ಆರ್.ಸಿ. ಯಾರ ಪೆಟ್ಟಿಗೆಯಲ್ಲಿದೆ? ಅದನ್ನು ತರಿಸಿ. ಮಾಲೀಕರ ಹೆಸರು, ತುಂಬಿದ ತೂಕ, ವಿಮೆ ಮುಗಿಯುವ ದಿನಾಂಕ, ಈ ಮೂರನ್ನು ಓದಿ ನಿಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ.